ಯೋಚಿಸಿ ಬರೆಯುವವರಿಗೆ ಯಾವ ಎಐ ಆ್ಯಪ್ ಒಳ್ಳೆಯದು?

ನೀವು ಕನ್ನಡದಲ್ಲಿ ಪ್ರಬಂಧ, ಕಥೆ ಬರೆಯುತ್ತೀರಿ. ನಿಧಾನವಾಗಿ, ತಿದ್ದಿ ತಿದ್ದಿ ಬರೆಯುವ ಅಭ್ಯಾಸ ನಿಮ್ಮದು. ಎಐ ಇರುವ ಬರವಣಿಗೆ ಆ್ಯಪ್ ಒಂದಕ್ಕೆ ದುಡ್ಡು ಕೊಡೋಣ ಅಂತಿದ್ದೀರಿ, ಯಾವುದು ಅಂತ ಕೇಳಿದ್ದೀರಿ.

ಮೊದಲ ತಿಂಗಳು ಯಾವುದಕ್ಕೂ ದುಡ್ಡು ಕೊಡಬೇಡಿ. ಈಗ ಎಲ್ಲಿ ಬರೆಯುತ್ತಿದ್ದೀರೋ ಅಲ್ಲೇ ಬರೆಯಿರಿ. ಪಕ್ಕದಲ್ಲಿ ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಇವುಗಳಲ್ಲಿ ಒಂದನ್ನು ತೆರೆದಿಟ್ಟುಕೊಳ್ಳಿ. ಮೂರೂ ಕನ್ನಡ ಓದುತ್ತವೆ, ಮೂರನ್ನೂ ಉಚಿತವಾಗಿ ಬಳಸಬಹುದು. ಯಾವುದು ಮೇಲು ಅಂತ ನಾನು ಇವತ್ತು ಹೇಳಿದರೆ ಆರು ತಿಂಗಳಲ್ಲಿ ಅದು ಸುಳ್ಳಾಗಬಹುದು. ಅಷ್ಟು ಬೇಗ ಬದಲಾಗುತ್ತಿವೆ. ಅದಕ್ಕೇ ಹೆಸರಿಗಿಂತ ಪರೀಕ್ಷೆ ಮುಖ್ಯ.

ನಾನು ಮಾಡಿದ ಪರೀಕ್ಷೆ ಹೇಳುತ್ತೇನೆ. ಅಜ್ಜಿಯ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೆ. ನಮ್ಮದು ಮಲೆನಾಡು, ಅಡಿಕೆ ಸೀಮೆ. "ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು" ಅಂತ ಒಂದು ಸಾಲಿತ್ತು. ಒಂದು ಆ್ಯಪ್‌ಗೆ ಕೊಟ್ಟು, ತಪ್ಪಿದ್ದರೆ ತಿದ್ದು ಅಂದೆ. ಅದು ವಾಪಸ್ ಕೊಟ್ಟಿದ್ದು: "ಅಜ್ಜಿಯವರು ಚಾಕುವಿನ ಸಹಾಯದಿಂದ ಅಡಿಕೆಯ ಸಿಪ್ಪೆಯನ್ನು ತೆಗೆಯುತ್ತಿದ್ದರು." ವ್ಯಾಕರಣ ಸರಿಯಾಗೇ ಇದೆ. ಆದರೆ ಮೆಟ್ಟುಗತ್ತಿ ಹೋಯಿತು. ಕಾಲಲ್ಲಿ ಕತ್ತಿ ಮೆಟ್ಟಿಕೊಂಡು ಎರಡೂ ಕೈಯಲ್ಲಿ ಅಡಿಕೆ ಹಿಡಿದು ಸುಲಿಯುವ ಆ ಭಂಗಿ ಹೋಯಿತು. ಅಜ್ಜಿಯನ್ನು ಏಕವಚನದಲ್ಲಿ ಕರೆಯುವ ಸಲಿಗೆಯೂ ಹೋಯಿತು. ಕೊನೆಗೆ ನಾನು ಕೇಳದೇ ಇದ್ದ ಒಂದು ಸಾಲು ಸೇರಿತ್ತು: "ಅದು ಕೇವಲ ಅಂಗಳವಲ್ಲ, ನೆನಪುಗಳ ಭಂಡಾರ." ಅವತ್ತು ನಿಜಕ್ಕೂ ಬೇಜಾರಾಯಿತು.

ಆಮೇಲೆ ಕೇಳುವ ರೀತಿ ಬದಲಾಯಿಸಿದೆ. "ಒಂದು ಅಕ್ಷರವೂ ಬದಲಾಯಿಸಬೇಡ. ಓದಿ, ನಿನಗೆ ಅರ್ಥವಾಗದ ಜಾಗಗಳನ್ನು ಮಾತ್ರ ಕೇಳು." ಎರಡು ಆ್ಯಪ್‌ಗಳಿಗೆ ಇಡೀ ಪ್ರಬಂಧ ಕೊಟ್ಟೆ. ಒಂದು ಮತ್ತೆ ತಿದ್ದಲು ಹೊರಟಿತು, ಅದನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದು ಹೀಗೆ ಕೇಳಿತು: ಮೊದಲ ಪುಟದಲ್ಲಿ ಅಜ್ಜಿ ರಾತ್ರಿ ಅಡಿಕೆ ಸುಲಿಯುತ್ತಾರೆ, ಮೂರನೇ ಪುಟದಲ್ಲಿ ಹಗಲು. ಬೇಕೆಂದೇ ಹಾಗೆ ಬರೆದಿದ್ದೀರಾ?

ಬೇಕೆಂದು ಬರೆದಿರಲಿಲ್ಲ. ಆದರೆ ಎರಡೂ ನಿಜ. ಹಗಲು ಅಜ್ಜಿ ಬೇರೆಯವರ ಅಂಗಳದಲ್ಲಿ ಕೂಲಿಗೆ ಸುಲಿಯುತ್ತಿದ್ದಳು, ಡಬ್ಬಕ್ಕಿಷ್ಟು ಅಂತ. ರಾತ್ರಿ ನಮ್ಮ ಮನೆಯದು. ಕೂಲಿಯ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ನಾನೂ ಪ್ರಬಂಧದಲ್ಲಿ ಅದನ್ನು ದಾಟಿ ಹೋಗಿದ್ದೆ. ಆ ಪ್ರಶ್ನೆಯಿಂದ ಎರಡು ಪುಟ ಹೊಸದಾಗಿ ಬರೆದೆ. ಇಡೀ ಪ್ರಬಂಧದಲ್ಲಿ ನನಗೆ ಇಷ್ಟವಾದ ಭಾಗ ಅದೇ. ಆ್ಯಪ್‌ಗೆ ಅಜ್ಜಿ ಗೊತ್ತಿಲ್ಲ, ಅದನ್ನು ಬರೆಯಲು ಅದರ ಕೈಲಿ ಆಗುತ್ತಿರಲಿಲ್ಲ. ಆದರೆ ಅದರ ಕಣ್ಣಿಗೆ ಬಿದ್ದ ಜಾಗ ಸರಿಯಾಗಿತ್ತು. ನಿಮಗೆ ಬೇಕಾಗಿರುವುದು ಇಂಥ ಓದುಗ ಅಲ್ವಾ?

ಹಾಗಾಗಿ ನಿಮ್ಮದೇ ಹಳೆಯ ಪುಟ ಒಂದನ್ನು ಆರಿಸಿ, ಊರಿನ ಮಾತು ಜಾಸ್ತಿ ಇರುವಂಥದ್ದು. ಅದನ್ನು ಕೊಟ್ಟು ನೋಡಿ. ನಿಮ್ಮ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸುವ ಆ್ಯಪ್ ಬೇಡ. "ತುಂಬಾ ಚೆನ್ನಾಗಿದೆ" ಅಂತ ಬರೀ ಹೊಗಳುವುದೂ ಬೇಡ.

ವಚನ, ಗಾದೆ, ಹಳೆಯ ಕವಿಗಳ ಸಾಲು, ಇವನ್ನು ಮಾತ್ರ ದಯವಿಟ್ಟು ಎಐ ಹತ್ತಿರ ಕೇಳಬೇಡಿ. ದುಡಿಮೆಯ ಬಗ್ಗೆ ಬಸವಣ್ಣನವರ ವಚನ ಕೇಳಿದಾಗ ನನಗೆ ನಾಲ್ಕು ಸಾಲು ಸಿಕ್ಕವು, ಕೊನೆಯಲ್ಲಿ "ಕೂಡಲಸಂಗಮದೇವ" ಅಂತ ಅಂಕಿತವೂ ಇತ್ತು. ವಚನ ಸಂಚಯ ಜಾಲತಾಣದಲ್ಲಿ ಒಂದೊಂದೇ ಪದ ಹಾಕಿ ಹುಡುಕಿದೆ. ಅಂಥ ವಚನವೇ ಇಲ್ಲ. ಅಂಕಿತ ಇದೆ ಅಂತ ನಂಬಿ ಹಾಕಿದ್ದರೆ ಬಸವಣ್ಣನವರ ಹೆಸರಲ್ಲಿ ಸುಳ್ಳು ಅಚ್ಚಾಗುತ್ತಿತ್ತು.

ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳ ಪೈಕಿ ನನಗೆ ಗೌರವ ಇರುವುದು ಐಎ ರೈಟರ್ (iA Writer) ಮೇಲೆ. ಅದು ನಿಮಗೆ ಬರೆದುಕೊಡುವುದಿಲ್ಲ. 2023ರಲ್ಲಿ ಬಂದ ಏಳನೇ ಆವೃತ್ತಿಯಿಂದ, ಎಐಯದ್ದು ಅಂತ ಗುರುತು ಹಾಕಿ ಅಂಟಿಸಿದ ಸಾಲುಗಳು ನಿಮ್ಮ ಸಾಲುಗಳಿಂದ ಬೇರೆಯಾಗಿ ಕಾಣುತ್ತವೆ. ಪುಟ ನೋಡಿದ ತಕ್ಷಣ ನಿಮ್ಮದೆಷ್ಟು, ಅದರದ್ದೆಷ್ಟು ಅಂತ ಗೊತ್ತಾಗುತ್ತದೆ. ಟಿಪ್ಪಣಿ, ಸಂದರ್ಶನಗಳ ರಾಶಿ ಇದ್ದರೆ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ನೋಡಿ. ನೀವು ಹಾಕಿದ ಕಡತಗಳಿಂದಲೇ ಉತ್ತರ ಹುಡುಕಿ, ಎಲ್ಲಿಂದ ತೆಗೆದದ್ದು ಅಂತಲೂ ತೋರಿಸುತ್ತದೆ.

ಇನ್ನು ಸಣ್ಣಪುಟ್ಟ ವಿಷಯ. ಅಚ್ಚಾಗದ ಬರಹ ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮಾತುಕತೆಯನ್ನು ಎಐಯ ತರಬೇತಿಗೆ ಬಳಸುವ ಆಯ್ಕೆ ಇದ್ದರೆ ಆಫ್ ಮಾಡಿ. ಉದ್ದ ಕಥೆಯನ್ನು ಎರಡೆರಡು ಪುಟ ಮಾಡಿ ಕೊಡಿ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ ಒಂದು ಬೈಟ್ ಜಾಗ ಹಿಡಿದರೆ ಕನ್ನಡದ ಅಕ್ಷರ ಮೂರು, ಕಾಗುಣಿತದ ಚಿಹ್ನೆಗೆ ಮತ್ತೆ ಮೂರು. ಹೀಗಾಗಿ ಉಚಿತ ಮಿತಿ ನಮಗೆ ಬೇಗ ಮುಗಿಯಬಹುದು. ನಿಮ್ಮ ಹಳೆಯ ಕಥೆ, ಪ್ರಬಂಧ "ನುಡಿ" ಅಥವಾ "ಬರಹ" ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಮೊದಲು ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಹಾಗೇ ಅಂಟಿಸಿದರೆ ಬರೀ ಗೋಜಲು ಚಿಹ್ನೆ ಕಾಣುತ್ತವೆ, ಎಐ ಅದಕ್ಕೂ ಏನೋ ಒಂದು ಅರ್ಥ ಕಟ್ಟಿ ಹೇಳಿಬಿಡಬಹುದು.