ಗಾರ್ಡ್ಸ್ ರೆಜಿಮೆಂಟ್ ಬರೀ ಕವಾಯತಿನ ಪಡೆಯೇ?

ನಮಸ್ಕಾರ. ತುಮಕೂರಿನ ನಿಮ್ಮ ಎನ್‌ಸಿಸಿ ವಿದ್ಯಾರ್ಥಿಗಳು ಭಾವಿಸಿರುವಂತೆ ಭಾರತೀಯ ಸೇನೆಯ ‘ಬ್ರಿಗೇಡ್ ಆಫ್ ದಿ ಗಾರ್ಡ್ಸ್’ ಎಂಬ ಈ ರೆಜಿಮೆಂಟ್ ಗೌರವವಂದನೆಗಷ್ಟೇ ಮೀಸಲಾದ ಪಡೆಯಲ್ಲ. 1949ರಲ್ಲಿ ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಪಂಜಾಬ್, ಗ್ರೆನೇಡಿಯರ್ಸ್, ರಜಪುತಾನಾ ರೈಫಲ್ಸ್ ಮತ್ತು ರಜಪೂತ್ ರೆಜಿಮೆಂಟುಗಳ ಹಳೆಯ ಬೆಟಾಲಿಯನ್‌ಗಳನ್ನು ಒಂದುಗೂಡಿಸಿ ಕಟ್ಟಿದ ಈ ಪದಾತಿದಳಕ್ಕೆ ಜಾತಿ, ಪ್ರಾಂತಗಳ ಭೇದವಿಲ್ಲದೆ ದೇಶದ ಎಲ್ಲ ಕಡೆಯ ಯುವಕರನ್ನೂ ಸೇರಿಸಿಕೊಳ್ಳಲಾಯಿತು. ಬ್ರಿಟಿಷರು ‘ಯೋಧ ಕುಲ’ಗಳ ಲೆಕ್ಕ ಹಿಡಿದು ಸೈನಿಕರನ್ನು ಆರಿಸುತ್ತಿದ್ದುದನ್ನು ನೆನೆದರೆ, ನನ್ನ ಮಟ್ಟಿಗೆ ಇದರ ನಿಜವಾದ ಹಿರಿಮೆ ಇಲ್ಲೇ ಇದೆ.

ಇದು ಯುದ್ಧಭೂಮಿಯಲ್ಲೂ ಹೋರಾಡಿದೆ: 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧದ ವೇಳೆ, ಈಗಿನ ಬಾಂಗ್ಲಾದೇಶದಲ್ಲಿರುವ ಗಂಗಾಸಾಗರದ ಕದನದಲ್ಲಿ 14ನೇ ಗಾರ್ಡ್ಸ್ ಬೆಟಾಲಿಯನ್ನಿನ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಅವರು ಬಂಕರಿಗೆ ನುಗ್ಗಿ, ಇಬ್ಬರು ಶತ್ರುಗಳನ್ನು ಬಯೋನೆಟ್ಟಿನಿಂದ ಇರಿದು ಮೆಷಿನ್‌ಗನ್ನಿನ ಸದ್ದಡಗಿಸಿದರು. ತೀವ್ರವಾಗಿ ಗಾಯಗೊಂಡಿದ್ದರೂ ತೆವಳುತ್ತಾ ಹೋಗಿ, ಗುಂಡು ಹಾರಿಬರುತ್ತಿದ್ದ ಕಟ್ಟಡದೊಳಕ್ಕೆ ಗ್ರೆನೇಡ್ ಎಸೆದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು.

ರೆಜಿಮೆಂಟಿನ ತರಬೇತಿ ಕೇಂದ್ರ ನಾಗಪುರದ ಬಳಿಯ ಕಾಮ್ಠಿಯಲ್ಲಿದೆ.