ಕುಂಬಳೆಯಿಂದ ಹೊಸೂರಿಗೆ 6 ಇಂಚಿನ ಟೆಲಿಸ್ಕೋಪ್: ಕನ್ನಡಿಯ ಮೇಲೆ ಬಿಳಿ ಎಳೆ, ಹಾಗೇ ಪ್ಯಾಕ್ ಮಾಡಬಹುದಾ?

ಹೊಸೂರಿಗೆ ಸಾಗಿಸಬೇಕಾದ ಟೆಲಿಸ್ಕೋಪಿನ ಕನ್ನಡಿಯ ಮೇಲೆ ಜೇಡರ ಬಲೆಯಂಥ ಎಳೆ ಇದೆ, ಹಾಗೇ ಪ್ಯಾಕ್ ಮಾಡಬಹುದಾ ಅಂತ ಫೋಟೋ ಕಳಿಸಿ ಕೇಳಿದ್ದೀರಲ್ಲ, ಅದು ಬಹುತೇಕ ಬೂಷ್ಟು. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟನ್ನೇ ಬಿಡುವುದಿಲ್ಲ, ಮುಚ್ಚಿಟ್ಟ ಟ್ಯೂಬನ್ನು ಬಿಡುತ್ತದಾ? ಹಾಗೇ ಪ್ಯಾಕ್ ಮಾಡಬೇಡಿ, ಒಳಗೇ ಬೆಳೆಯುತ್ತದೆ.

ಟ್ಯೂಬು ಮತ್ತು ಕನ್ನಡಿಯ ಸೆಲ್ (ಟ್ಯೂಬಿನ ತಳದಲ್ಲಿ ಕನ್ನಡಿಯನ್ನು ಹಿಡಿದಿಡುವ ಚೌಕಟ್ಟು) ಎರಡರ ಮೇಲೂ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಸೆಲ್ ಬಿಚ್ಚಿ, ಕ್ಲಿಪ್ ಸಡಿಲಿಸಿ ಕನ್ನಡಿ ತೆಗೆಯಿರಿ. ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಒಣಬಟ್ಟೆ ಮುಟ್ಟಿಸಲೇಬೇಡಿ. ಮನೆಯ ಕನ್ನಡಿಯ ಹಾಗಲ್ಲ ಇದು, ಅಲ್ಯೂಮಿನಿಯಂ ಲೇಪ ಮೇಲೆಯೇ ಇದೆ.

ಬೇಸಿನ್‌ನ ತಳಕ್ಕೆ ಟವೆಲ್ ಹಾಸಿ, ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹತ್ತು ನಿಮಿಷ ಮುಳುಗಿಸಿಡಿ. ಬಾವಿ ನೀರು ಬೇಡ, ಒಣಗಿದ ಮೇಲೆ ಕಲೆ ಉಳಿಯುತ್ತದೆ. ಹತ್ತಿಯ ಉಂಡೆಯನ್ನು ನೀರೊಳಗೇ ಎಳೆಯಿರಿ, ಬೆರಳಿನ ಭಾರ ಬೀಳಬಾರದು. ಒಂದು ಎಳೆತಕ್ಕೆ ಒಂದು ಉಂಡೆ. ಜಿಪುಣತನ ಬೇಡ! ಕೊನೆಗೆ ಬರೀ ಡಿಸ್ಟಿಲ್ಡ್ ನೀರು ಸುರಿದು, ಓರೆಯಾಗಿ ನಿಲ್ಲಿಸಿ ಒಣಗಿಸಿ.

ಎಷ್ಟು ಆಳಕ್ಕೆ ಇಳಿದಿದೆ ಅಂತ ಫೋಟೋ ನೋಡಿ ಹೇಳಲಾಗದು. ತೊಳೆದ ಮೇಲೂ ಕಲೆ ಉಳಿದರೆ ಬೂಷ್ಟು ಲೇಪವನ್ನೇ ತಿಂದಿರಬಹುದು. ಉಜ್ಜಬೇಡಿ, ಹೊಸ ಲೇಪ ಹಾಕಿಸಬಹುದು.

ಪೂರ್ತಿ ಒಣಗಿದ ಮೇಲೆ ಕನ್ನಡಿಯನ್ನು ಸೆಲ್‌ಗೆ ಕೂರಿಸಿ. ಕ್ಲಿಪ್ಪಿನ ಅಡಿ ಕಾಗದ ನುಸುಳುವಷ್ಟು ಜಾಗ ಇರಲಿ. ಕನ್ನಡಿಯನ್ನು ಸೆಲ್ ಸಮೇತ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಡಬ್ಬಿಗೆ ಹಾಕಿ, ಕಾರಿನಲ್ಲಿ ನಿಮ್ಮ ತೊಡೆಯ ಮೇಲೇ ಇಟ್ಟುಕೊಳ್ಳಿ. ಖಾಲಿ ಟ್ಯೂಬು ಲಾರಿಯಲ್ಲಿ ಬರಲಿ. ಹೊಸೂರಲ್ಲಿ ಗುರುತು ಹೊಂದಿಸಿ ಜೋಡಿಸಿ, ಕಾಲಿಮೇಷನ್, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು, ಮಾಡಿಕೊಳ್ಳಿ.