ಪ್ರತಿಕ್ರಿಯೆ: ಎಕ್ಸ್-ರೇಗೆ ಕಾಂತೀಯತೆ ಕಾಣುತ್ತದೆಯೇ?

ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಕೇಳಿದ್ದು: ಎಕ್ಸ್-ರೇ ಎಲೆಕ್ಟ್ರಾನಿನ ವಿದ್ಯುದಂಶವನ್ನಷ್ಟೇ ನೋಡುತ್ತದೆ, ಕಾಂತೀಯ ವಿನ್ಯಾಸಕ್ಕೆ (ಪರಮಾಣುಗಳೆಂಬ ಪುಟ್ಟ ಕಾಂತಗಳು ಜೋಡಣೆಗೊಂಡ ಬಗೆಗೆ) ನ್ಯೂಟ್ರಾನ್ ಇದೆಯಲ್ಲ, ಮತ್ತೇಕೆ ಎಕ್ಸ್-ರೇ?

ಎಕ್ಸ್-ರೇ ಎಲೆಕ್ಟ್ರಾನಿನ ಸ್ಪಿನ್ನನ್ನೂ, ಅಂದರೆ ಅದನ್ನು ಪುಟ್ಟ ಕಾಂತವಾಗಿಸುವ ಗುಣವನ್ನೂ ನೋಡುತ್ತದೆ, ಆದರೆ ಆ ಸಂಕೇತ ತೀರಾ ಕ್ಷೀಣ. 1972ರಲ್ಲಿ ನಿಕಲ್ ಆಕ್ಸೈಡ್‌ನಲ್ಲಿ ಅದನ್ನು ಮೊದಲು ಹಿಡಿದವರು ಸಾಧಾರಣ ಎಕ್ಸ್-ರೇ ಟ್ಯೂಬನ್ನೇ ಬಳಸಿದ್ದರು. ಆ ತಾಳ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಚಿತ್ರ ಬದಲಾಗುವುದು ಅನುರಣನದಲ್ಲಿ, ಅಂದರೆ ಎಕ್ಸ್-ರೇ ಶಕ್ತಿ ಪರಮಾಣುವಿನ ಒಳ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸಲು ಸರಿಯಾಗಿ ಹೊಂದಿದಾಗ. ಸ್ಟ್ರಾನ್ಷಿಯಂ ಇರಿಡೇಟ್ (Sr₂IrO₄) ತೆಗೆದುಕೊಳ್ಳಿ. ಇರಿಡಿಯಂ ನ್ಯೂಟ್ರಾನನ್ನು ವಿಪರೀತ ಹೀರುತ್ತದೆ, ಹರಳುಗಳೂ ಚಿಕ್ಕವು, ಹಾಗಾಗಿ ಇಲ್ಲಿ ನ್ಯೂಟ್ರಾನ್ ಪ್ರಯೋಗ ಕಷ್ಟ. ಸಿಂಕ್ರೊಟ್ರಾನ್ (ಪ್ರಖರ ಎಕ್ಸ್-ರೇ ಕೊಡುವ ವೇಗವರ್ಧಕ) ಕಿರಣದ ಶಕ್ತಿಯನ್ನು ಸುಮಾರು 11.2 ಕೆಇವಿಗೆ (ಸಾವಿರ ಎಲೆಕ್ಟ್ರಾನ್-ವೋಲ್ಟ್), ಅಂದರೆ ಇರಿಡಿಯಂನ ಎಲ್3 ಎಂಬ ಹೀರಿಕೆಯ ಅಂಚಿಗೆ ಹೊಂದಿಸಿದರೆ ಒಳಗಿನ 2ಪಿ ಕಕ್ಷೆಯ ಎಲೆಕ್ಟ್ರಾನ್ ಕ್ಷಣಮಾತ್ರ ಹೊರಗಿನ 5ಡಿ ಕಕ್ಷೆಗೆ ಏರಿ ಮರಳುತ್ತದೆ. ಕಾಂತೀಯತೆ ಇರುವುದು ಆ 5ಡಿಯಲ್ಲೇ. ಹಾಗಾಗಿ ಮಾಮೂಲಿ ಬ್ರ್ಯಾಗ್ ಶಿಖರ (ಹರಳಿನ ಪರಮಾಣು ಪದರಗಳಿಂದ ಚದುರಿದ ಕಿರಣಗಳು ಕೂಡಿ ಮೂಡುವ ತೀವ್ರ ಸಂಕೇತ) ಇರಬಾರದ ಜಾಗದಲ್ಲಿ ಹೊಸ ಶಿಖರ ಎದ್ದು ನಿಲ್ಲುತ್ತದೆ. ಹರಳನ್ನು ಬಿಸಿಮಾಡಿ ಸುಮಾರು 240 ಕೆಲ್ವಿನ್ ದಾಟಿಸಿ, ಕಾಂತೀಯ ವಿನ್ಯಾಸ ಅಳಿದು ಅದು ಮಾಯ. ಇನ್ನೂ ಸೊಗಸಾದದ್ದು, 2ಪಿಯ ಇನ್ನೊಂದು ಉಪಮಟ್ಟದ ಎಲೆಕ್ಟ್ರಾನ್ ಏರುವ ಎಲ್2 ಅಂಚಿನಲ್ಲಿ ಆ ಶಿಖರ ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಸ್ಪಿನ್-ಕಕ್ಷಾ ಬಂಧ (ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಕಕ್ಷಾ ಚಲನೆಗೂ ಇರುವ ನಂಟು) ಎಷ್ಟು ಪ್ರಬಲ ಎಂಬುದಕ್ಕೆ 2009ರಲ್ಲಿ ಸಿಕ್ಕ ಈ ವ್ಯತ್ಯಾಸವೇ ಸಾಕ್ಷಿ. ಯಾವ ಪರಮಾಣುವಿನ ಯಾವ ಕಕ್ಷೆ ಎಂದು ಹೀಗೆ ಬೆರಳಿಟ್ಟು ತೋರಿಸುವುದು ನ್ಯೂಟ್ರಾನ್‌ಗೆ ಕಷ್ಟ.

ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ ವಿದ್ಯುದಂಶ ಅಲೆಗಳಿಗೂ (ವಿದ್ಯುದಂಶದ ಸಾಂದ್ರತೆ ಅಲೆಯಂತೆ ಏರಿಳಿಯುವುದಕ್ಕೂ) ಇದೇ ವಿಧಾನ, ಶಕ್ತಿ ಮಾತ್ರ 930 ಇವಿ (ಎಲೆಕ್ಟ್ರಾನ್-ವೋಲ್ಟ್) ಆಸುಪಾಸು.

ಹಾಗಂತ ನ್ಯೂಟ್ರಾನ್ ಬಿಡಬೇಡಿ. ನಿಮ್ಮ ಮಾದರಿ ಮ್ಯಾಂಗನೀಸ್ ಆಕ್ಸೈಡ್ ಪುಡಿಯಾದರೆ ಇಲ್ಲಿ ಮುಂಬಯಿಯ ಟ್ರಾಂಬೆಯಲ್ಲಿರುವ, ನ್ಯೂಟ್ರಾನ್ ಒದಗಿಸುವ ಧ್ರುವ ರಿಯಾಕ್ಟರ್‌ನಲ್ಲೇ ಮೊದಲು ಅಳೆಸಿ. ನಿಮ್ಮ ಗೈಡ್ ಮೂಲಕ ಅರ್ಜಿ ಹಾಕಿಸಿ.